ರಾಜನಿಗೂ ಜೂನ್ ತಿಂಗಳ ಹುಟ್ಟುಹಬ್ಬ

(ಕಲಿಕಾ ಕೇಂದ್ರದಲ್ಲಿ ಸಂಜೆ ಪಾಠ ಮುಗಿದ ಮೇಲೆ ಆಡಿದ ಮಾತು)



ಹೊಲದ ಕೆಲಸ, ಮನೆ ಕೆಲಸ ಮುಗಿಸಿ ಬಂದಿದ್ದೀರಿ. ಒಲೆ ಮೇಲೆ ಸಾರು ಇಟ್ಟು, ಮಗಳಿಗೆ "ಸ್ವಲ್ಪ ನೋಡ್ಕೋ" ಅಂತ ಹೇಳಿ ಬಂದವರೂ ಇದ್ದೀರಿ. ಬಹಳ ಹೊತ್ತು ಕೂರಿಸೋದಿಲ್ಲ.

ಮೊನ್ನೆ ನಾವೆಲ್ಲ ಇಲ್ಲೇ ಕೂತು ಪೇಪರ್ ಓದಿದೆವು. ನೆನಪಿದೆಯಾ? ಹಿಂದಿನ ಸಾಲಿನ ಒಬ್ಬ ಅಕ್ಕ ಅಕ್ಷರಕ್ಕೆ ಅಕ್ಷರ ಕೂಡಿಸಿ ಒಂದು ಸಣ್ಣ ಸುದ್ದಿ ಓದಿದರು. ಬ್ರಿಟನ್ ದೇಶದ ರಾಜನ ಹುಟ್ಟುಹಬ್ಬಕ್ಕೆ ಸಾವಿರಕ್ಕೂ ಹೆಚ್ಚು ಜನರಿಗೆ ಗೌರವ ಸಿಕ್ಕಿತು ಅಂತ ಸುದ್ದಿ. ಓದಿ ಮುಗಿಸಿ ಅವರು ಕೇಳಿದರು: "ಅಲ್ಲ ಟೀಚರ್, ಹುಟ್ಟುಹಬ್ಬ ಅವನದ್ದು. ಉಡುಗೊರೆ ಊರವರಿಗೆ ಯಾಕೆ?"

ಎಲ್ಲರೂ ನಕ್ಕೆವು. ಆದರೆ ಪ್ರಶ್ನೆ ಒಳ್ಳೇದು. ಇವತ್ತಿನ ಮಾತು ಆ ಪ್ರಶ್ನೆಗೆ ಉತ್ತರ.

ಎರಡು ಹುಟ್ಟುಹಬ್ಬ

ಮೊದಲು ನಿಮ್ಮನ್ನೇ ಒಂದು ಮಾತು ಕೇಳುತ್ತೇವೆ. ನಿಮ್ಮ ಮನೆಯಲ್ಲಿ ಯಾರ ಹುಟ್ಟಿದ ದಿನ ಜೂನ್ 1 ಅಂತ ಇದೆ? ಕೈ ಎತ್ತಿ. ನೋಡಿ, ಎಷ್ಟು ಕೈ! ಒಂದೇ ದಿನ ಇಷ್ಟು ಜನ ಹುಟ್ಟಿದ್ದಾರಾ? ಇಲ್ಲ. ಹಿಂದೆ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ತಾರೀಖು ಕೇಳುತ್ತಿದ್ದರು. "ರಾಗಿ ಕುಯ್ಯೋ ಕಾಲದಲ್ಲಿ ಹುಟ್ಟಿದ್ದು ಸ್ವಾಮಿ" ಅಂತಿದ್ದರು ಮನೆಯವರು. ರಾಗಿ ಕುಯ್ಯೋ ಕಾಲ ಅಂತ ರಿಜಿಸ್ಟರಿನಲ್ಲಿ ಬರೆಯೋಕಾಗುತ್ತಾ? ಶಾಲೆ ಶುರುವಾಗೋ ತಿಂಗಳು ಜೂನ್. ಮೇಷ್ಟ್ರು ಜೂನ್ 1 ಅಂತ ಬರೆದುಬಿಡುತ್ತಿದ್ದರು. ಹಾಗಾಗಿ ಎಷ್ಟೋ ಜನಕ್ಕೆ ಎರಡು ಹುಟ್ಟುಹಬ್ಬ. ಒಂದು ತಾಯಿಗೆ ಗೊತ್ತಿರೋದು, ಇನ್ನೊಂದು ಕಾಗದದಲ್ಲಿ ಇರೋದು.

ಬ್ರಿಟನ್ನಿನ ರಾಜನಿಗೂ ಹೀಗೇ ಎರಡು ಹುಟ್ಟುಹಬ್ಬ! ಈಗಿನ ರಾಜ ಮೂರನೇ ಚಾರ್ಲ್ಸ್ ಹುಟ್ಟಿದ್ದು 1948ರ ನವೆಂಬರ್ 14ರಂದು. ನಾವು ಮಕ್ಕಳ ದಿನ ಮಾಡ್ತೀವಲ್ಲ, ಅದೇ ತಾರೀಖು. ಆದರೆ ಅಲ್ಲಿ ಸರ್ಕಾರದ ಲೆಕ್ಕದಲ್ಲಿ ರಾಜನ ಹುಟ್ಟುಹಬ್ಬ ನಡೆಯೋದು ಜೂನ್ ತಿಂಗಳಲ್ಲಿ.

ಯಾಕೆ ಹೀಗೆ? ಅವರಿಗೇನು ತಾರೀಖು ಗೊತ್ತಿಲ್ಲದೆ ಅಲ್ಲ. ಕಾರಣ ಹವಾಮಾನ. ನವೆಂಬರಿನಲ್ಲಿ ಆ ದೇಶದಲ್ಲಿ ಚಳಿ, ಮಳೆ, ಮಂಜು. ಹುಟ್ಟುಹಬ್ಬಕ್ಕೆ ಲಂಡನ್ ಪಟ್ಟಣದ ಬಯಲಿನಲ್ಲಿ ಸೈನಿಕರ ದೊಡ್ಡ ಮೆರವಣಿಗೆ ಆಗುತ್ತೆ. ಕುದುರೆ, ಬ್ಯಾಂಡು, ಬಾವುಟ ಎಲ್ಲ ಇರುತ್ತೆ. ಚಳಿ ಮಳೆಯಲ್ಲಿ ಅದು ಚೆಂದ ಕಾಣೋದಿಲ್ಲ. 1901ರಲ್ಲಿ ಏಳನೇ ಎಡ್ವರ್ಡ್ ಅನ್ನೋರು ರಾಜರಾದರು. ಅವರು ಹುಟ್ಟಿದ್ದೂ ನವೆಂಬರಿನಲ್ಲೇ. ಅವರ ಕಾಲದಲ್ಲಿ ಹುಟ್ಟುಹಬ್ಬದ ಆಚರಣೆಯನ್ನು ಬೇಸಿಗೆಗೆ ತಂದರು. ಆ ಪದ್ಧತಿ ಇವತ್ತಿಗೂ ನಡೀತಾ ಇದೆ. ಈಗಿನ ರಾಜನ ತಾಯಿ, ಎರಡನೇ ಎಲಿಜಬೆತ್ ರಾಣಿ, ಹುಟ್ಟಿದ್ದು 1926ರ ಏಪ್ರಿಲ್ 21ರಂದು. ಅವರು 2022ರಲ್ಲಿ ತೀರಿಕೊಂಡರು. ಅವರಿಗೂ ಹೀಗೇ ಎರಡು ಹುಟ್ಟುಹಬ್ಬ ಇದ್ದವು.

ಊರವರಿಗೆ ಉಡುಗೊರೆ

ಈಗ ಅಕ್ಕನ ಪ್ರಶ್ನೆಗೆ ಬರೋಣ. ರಾಜನ ಹುಟ್ಟುಹಬ್ಬಕ್ಕೆ ಊರವರಿಗೆ ಯಾಕೆ ಗೌರವ?

ಇದು ರಾಜರ ಹಳೇ ಪದ್ಧತಿ. ಸಂತೋಷದ ದಿನ ರಾಜ ಕೊಡಬೇಕು, ಪ್ರಜೆ ಪಡೀಬೇಕು. ನಮ್ಮ ಮೈಸೂರು ಮಹಾರಾಜರೂ ವಿದ್ವಾಂಸರಿಗೆ, ಕಲಾವಿದರಿಗೆ ಬಿರುದು ಕೊಡುತ್ತಿದ್ದರು. ಕತೆ ಬರೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಿಗೆ 'ರಾಜಸೇವಾಸಕ್ತ' ಅನ್ನೋ ಬಿರುದು ಸಿಕ್ಕಿತ್ತು.

ಬ್ರಿಟನ್ನಿನಲ್ಲಿ ವರ್ಷಕ್ಕೆ ಎರಡು ಸಲ ಗೌರವದ ಪಟ್ಟಿ ಹೊರಡುತ್ತೆ. ಒಂದು ಹೊಸ ವರ್ಷಕ್ಕೆ, ಇನ್ನೊಂದು ರಾಜನ ಜೂನ್ ಹುಟ್ಟುಹಬ್ಬಕ್ಕೆ. ಪಟ್ಟಿಯಲ್ಲಿ ಸಿನಿಮಾ ನಟರು, ಆಟಗಾರರು, ದೊಡ್ಡ ಅಧಿಕಾರಿಗಳು ಇರುತ್ತಾರೆ. ಅವರ ಜೊತೆಗೆ ನರ್ಸ್‌ಗಳು, ಶಾಲೆ ಟೀಚರುಗಳು, ಊರಿನ ಮುದುಕರನ್ನು ನೋಡಿಕೊಳ್ಳೋರು ಕೂಡ ಇರುತ್ತಾರೆ.

ಗೌರವದಲ್ಲಿ ಮೆಟ್ಟಿಲು ಮೆಟ್ಟಿಲು ಇದೆ. ಮೇಲಿನ ಮೆಟ್ಟಿಲು ಸಿಕ್ಕ ಗಂಡಸಿನ ಹೆಸರಿನ ಮುಂದೆ 'ಸರ್' ಅಂತ ಸೇರಿಸುತ್ತಾರೆ. ಹೆಂಗಸಾದರೆ 'ಡೇಮ್' ಅಂತಾರೆ. ಸರ್ ಆಗುವವರು ರಾಜನ ಮುಂದೆ ಮಂಡಿ ಊರುತ್ತಾರೆ. ರಾಜ ಅವರ ಭುಜಕ್ಕೆ ಕತ್ತಿ ಮುಟ್ಟಿಸುತ್ತಾರೆ. ಡೇಮ್ ಆಗುವ ಹೆಂಗಸರಿಗೆ ಈ ಕತ್ತಿ ಶಾಸ್ತ್ರ ಇಲ್ಲ. ಇನ್ನೊಂದು ತಮಾಷೆ ಕೇಳಿ. ಸರ್ ಆದವನ ಹೆಂಡತಿಗೆ 'ಲೇಡಿ' ಅನ್ನೋ ಗೌರವ ಸಿಗುತ್ತೆ. ಡೇಮ್ ಆದವಳ ಗಂಡನಿಗೆ ಏನೂ ಸಿಗೋದಿಲ್ಲ!

ಕೆಳಗಿನ ಮೆಟ್ಟಿಲಿನವರಿಗೆ ಒಂದು ಪದಕ, ಹೆಸರಿನ ಕೊನೆಯಲ್ಲಿ ಎರಡು ಮೂರು ಅಕ್ಷರ. ಎಂ.ಬಿ.ಇ., ಓ.ಬಿ.ಇ. ಅಂತೆಲ್ಲ ಇದೆ. ಇದರ ಜೊತೆ ದುಡ್ಡು ಇಲ್ಲ, ಸೈಟು ಇಲ್ಲ, ಪಿಂಚಣಿ ಇಲ್ಲ.

ಒಂದು ಕಾಲದಲ್ಲಿ ಇದು ದೊಡ್ಡ ಮನುಷ್ಯರಿಗೆ ಮಾತ್ರ ಸಿಗುವ ಗೌರವ ಆಗಿತ್ತು. ಹೆಂಗಸರಿಗೆ ಸಿಗುವುದು ಬಹಳ ಅಪರೂಪ. 1914ರಲ್ಲಿ ದೊಡ್ಡ ಯುದ್ಧ ಶುರುವಾಯಿತು. ಗಂಡಸರು ಯುದ್ಧಕ್ಕೆ ಹೋದರು. ಮದ್ದುಗುಂಡು ಮಾಡುವ ಕಾರ್ಖಾನೆಗಳಲ್ಲಿ ಲಕ್ಷಾಂತರ ಹೆಂಗಸರು ದುಡಿದರು. ಬೆಂಕಿ, ಸ್ಫೋಟದ ನಡುವೆ ದುಡಿದರು. ಇವರಿಗೆ ಗೌರವ ಬೇಡವೇ ಅನ್ನೋ ಮಾತು ಬಂತು. 1917ರ ಜೂನ್ ತಿಂಗಳಲ್ಲಿ ಆಗಿನ ರಾಜ ಐದನೇ ಜಾರ್ಜ್ ಒಂದು ಹೊಸ ಗೌರವ ಶುರು ಮಾಡಿದರು. ಅದು ಗಂಡಸರಿಗೂ ಹೆಂಗಸರಿಗೂ ಸಿಗುವಂಥದ್ದು. ಕಾರ್ಖಾನೆಯ ಸ್ಫೋಟದಲ್ಲಿ ಧೈರ್ಯ ತೋರಿದ ಕೂಲಿ ಹೆಂಗಸರಿಗೂ ಆಗ ಪದಕ ಸಿಕ್ಕಿತು.

ಹೀಗೆ ಬಾಗಿಲು ಸ್ವಲ್ಪ ತೆರೆಯಿತು. ಆದರೆ ಕಳ್ಳರೂ ನುಗ್ಗಿದರು. ಹಣ ಕೊಟ್ಟು ಬಿರುದು ಕೊಳ್ಳುವ ವ್ಯಾಪಾರ ಬೆಳೆಯಿತು. 1922ರ ಹುಟ್ಟುಹಬ್ಬದ ಪಟ್ಟಿ ಬಂದಾಗ ದೊಡ್ಡ ಗಲಾಟೆಯೇ ಆಯಿತು. ಕೊನೆಗೆ 1925ರಲ್ಲಿ ಕಾನೂನು ಮಾಡಿದರು. ಬಿರುದು ಮಾರುವುದು, ಕೊಳ್ಳುವುದು ಅಪರಾಧ ಅಂತ ಆಯಿತು.

ಹೆಸರು ಬರೆಯೋರು ಯಾರು?

ಇಲ್ಲಿ ಮುಖ್ಯ ವಿಷಯ ಬಂತು. ಅಷ್ಟು ಜನರ ಹೆಸರು ರಾಜನಿಗೆ ಹೇಗೆ ಗೊತ್ತಾಗುತ್ತೆ? ದೂರದ ಹಳ್ಳಿಯಲ್ಲಿ ಒಬ್ಬಾಕೆ ಮೂವತ್ತು ವರ್ಷ ಮುದುಕರಿಗೆ ಊಟ ಹಂಚಿದಳು ಅಂತ ಅರಮನೆಗೆ ಹೇಳೋರು ಯಾರು?

ಹಿಂದೆ ಹೆಸರುಗಳು ಹೆಚ್ಚಾಗಿ ಸರ್ಕಾರಿ ಕಚೇರಿಗಳಿಂದಲೇ ಬರುತ್ತಿದ್ದವು. ಸಾಹೇಬರಿಗೆ ಗೊತ್ತಿದ್ದವರ ಹೆಸರು ಬರೋದು. ಗೊತ್ತಿಲ್ಲದವರ ಹೆಸರು ಬರುತ್ತಿರಲಿಲ್ಲ. 1993ರಲ್ಲಿ ಅಲ್ಲಿನ ಪ್ರಧಾನಿ ಜಾನ್ ಮೇಜರ್ ಇದನ್ನು ಬದಲಾಯಿಸಿದರು. ಸಾಮಾನ್ಯ ಜನರೂ ಹೆಸರು ಸೂಚಿಸುವ ದಾರಿ ಮಾಡಿದರು. ಈಗ ಅಲ್ಲಿ ಯಾರು ಬೇಕಾದರೂ ಒಂದು ಅರ್ಜಿ ತುಂಬಿ ಇನ್ನೊಬ್ಬರ ಹೆಸರು ಕಳಿಸಬಹುದು. ತಮ್ಮ ಹೆಸರನ್ನು ತಾವೇ ಕಳಿಸುವಂತಿಲ್ಲ.

ಅರ್ಜಿಯಲ್ಲಿ ಬರೆಯಬೇಕಾದ್ದು ಏನು? ಕಷ್ಟದ ಮಾತೇನಿಲ್ಲ. ಇವರು ಏನು ಕೆಲಸ ಮಾಡಿದ್ದಾರೆ? ಎಷ್ಟು ವರ್ಷ ಮಾಡಿದ್ದಾರೆ? ಅದರಿಂದ ಯಾರಿಗೆ ಏನು ಒಳ್ಳೇದಾಯಿತು? ಈ ಮಾತಿಗೆ ಸಾಕ್ಷಿ ಯಾರು? ಅರ್ಜಿಯ ಜೊತೆ ಅವರನ್ನು ಬಲ್ಲವರು ಬರೆದ ಕಾಗದಗಳನ್ನೂ ಇಡಬೇಕು. ಆಮೇಲೆ ಸಮಿತಿಯವರು ವಿಚಾರಿಸುತ್ತಾರೆ. ಇದಕ್ಕೆ ಒಂದು ವರ್ಷವೋ ಇನ್ನೂ ಹೆಚ್ಚೋ ಹಿಡಿಯುತ್ತೆ. ಪಟ್ಟಿ ಹೊರಡುವ ಮೊದಲು ಗುಟ್ಟಾಗಿ ಕೇಳುತ್ತಾರೆ: "ಗೌರವ ಕೊಟ್ಟರೆ ತಗೋತೀರಾ?" ಬೇಡ ಅನ್ನುವ ಹಕ್ಕೂ ಇದೆ.

ಬೇಡ ಅಂದವರೂ ಇದ್ದಾರೆ. ಈ ಗೌರವದ ಹೆಸರಿನಲ್ಲಿ ಇವತ್ತಿಗೂ 'ಬ್ರಿಟಿಷ್ ಸಾಮ್ರಾಜ್ಯ' ಅನ್ನೋ ಮಾತು ಉಳಿದುಕೊಂಡಿದೆ. ಬೆಂಜಮಿನ್ ಝೆಫಾನಯಾ ಅಂತ ಒಬ್ಬ ಕಪ್ಪು ಜನಾಂಗದ ಕವಿ ಇದ್ದರು. 2003ರಲ್ಲಿ ಅವರು ಇದನ್ನು ಬೇಡ ಅಂದರು. ಸಾಮ್ರಾಜ್ಯ ಅನ್ನೋ ಮಾತು ಕೇಳಿದರೆ ಅವರಿಗೆ ತಮ್ಮ ಹಿರಿಯರು ಗುಲಾಮರಾಗಿ ಪಟ್ಟ ಪಾಡು ನೆನಪಾಗುತ್ತಿತ್ತು.

ಆ ಸಾಮ್ರಾಜ್ಯದಲ್ಲಿ ನಮ್ಮ ದೇಶವೂ ಇತ್ತಲ್ಲ. ಅವರ ರಾಜನೇ ನಮಗೂ ಚಕ್ರವರ್ತಿ. ಅವರ ಹುಟ್ಟುಹಬ್ಬದ ಪಟ್ಟಿ ನಮ್ಮ ದೇಶಕ್ಕೂ ಬರುತ್ತಿತ್ತು. ಅಜ್ಜಂದಿರ ಬಾಯಲ್ಲಿ 'ರಾವ್ ಸಾಹೇಬರು', 'ರಾವ್ ಬಹದ್ದೂರರು' ಅನ್ನೋ ಮಾತು ಕೇಳಿದ್ದೀರಲ್ಲ? ಅವೂ ಬ್ರಿಟಿಷ್ ಸರ್ಕಾರ ಕೊಟ್ಟ ಬಿರುದುಗಳೇ.

1915ರ ಪಟ್ಟಿ

ಅಂಥ ಒಂದು ಪಟ್ಟಿಯ ಕತೆ ಹೇಳ್ತೀವಿ. ತಾರೀಖು 1915ರ ಜೂನ್ 3. ಐದನೇ ಜಾರ್ಜ್ ರಾಜನ ಹುಟ್ಟುಹಬ್ಬ. ಈ ರಾಜ ನಿಜವಾಗಿಯೂ ಜೂನ್ 3ರಂದೇ ಹುಟ್ಟಿದವರು! ಆ ದಿನದ ಪಟ್ಟಿಯಲ್ಲಿ ನಮ್ಮ ದೇಶದ ಇಬ್ಬರು ಮಹನೀಯರ ಹೆಸರು ಇತ್ತು.

ಒಬ್ಬರು ರವೀಂದ್ರನಾಥ ಠಾಕೂರರು. ನಮ್ಮ ರಾಷ್ಟ್ರಗೀತೆ ಬರೆದವರು. 1913ರಲ್ಲಿ ನೊಬೆಲ್ ಬಹುಮಾನ ಪಡೆದ ಕವಿ. ಅವರಿಗೆ 'ಸರ್' ಪದವಿ ಬಂತು.

ಇನ್ನೊಬ್ಬರು ಗಾಂಧೀಜಿ. ಅದೇ ವರ್ಷ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಊರಿಗೆ ಬಂದಿದ್ದರು. ಅಲ್ಲಿ ಮಾಡಿದ ಜನಸೇವೆಗಾಗಿ ಅವರಿಗೆ 'ಕೈಸರ್-ಎ-ಹಿಂದ್' ಎಂಬ ಚಿನ್ನದ ಪದಕ ಕೊಟ್ಟರು. ಕೈಸರ್-ಎ-ಹಿಂದ್ ಅಂದರೆ ಹಿಂದೂಸ್ತಾನದ ಚಕ್ರವರ್ತಿ ಅಂತ ಅರ್ಥ. ಈ ಪದಕ 1900ರಲ್ಲಿ ಶುರುವಾದದ್ದು. ಹೆಂಗಸರಿಗೂ ಸಿಗುತ್ತಿತ್ತು.

ನಾಲ್ಕು ವರ್ಷ ಕಳೆಯಿತು. 1919ರ ಏಪ್ರಿಲ್ 13. ಪಂಜಾಬಿನಲ್ಲಿ ಬೈಸಾಖಿ ಹಬ್ಬ. ಅಮೃತಸರ ಪಟ್ಟಣದ ಜಲಿಯನ್‌ವಾಲಾ ಬಾಗ್ ಎಂಬಲ್ಲಿ ಸಾವಿರಾರು ಜನ ಸೇರಿದ್ದರು. ಸುತ್ತ ಗೋಡೆ, ಹೊರಗೆ ಹೋಗಲು ಇಕ್ಕಟ್ಟಿನ ದಾರಿ. ಡಯರ್ ಎಂಬ ಸೇನಾಧಿಕಾರಿ ಸೈನಿಕರನ್ನು ಕರೆತಂದು ಗುಂಡು ಹಾರಿಸಿದ. ಸರ್ಕಾರದ ಲೆಕ್ಕದಲ್ಲೇ ಸತ್ತವರು 379 ಜನ. ಸತ್ತವರು ಅದಕ್ಕಿಂತ ಬಹಳ ಹೆಚ್ಚು ಅಂತ ನಮ್ಮ ಜನ ಹೇಳಿದರು.

ಠಾಕೂರರಿಗೆ ಸುದ್ದಿ ಮುಟ್ಟಿತು. ಅವರ ಮನಸ್ಸು ಕುದಿಯಿತು. ಅವರ ಹತ್ತಿರ ಬಂದೂಕು ಇರಲಿಲ್ಲ, ಸೈನ್ಯ ಇರಲಿಲ್ಲ. ಲೇಖನಿ ಇತ್ತು. 1919ರ ಮೇ ತಿಂಗಳ ಕೊನೆಯಲ್ಲಿ ಅವರು ವೈಸ್‌ರಾಯ್‌ಗೆ ಒಂದು ಕಾಗದ ಬರೆದರು. ನಮ್ಮ ಜನರಿಗೆ ಇಷ್ಟು ಅವಮಾನ ಆಗಿರುವಾಗ ಈ ಗೌರವ ನಮ್ಮ ನಾಚಿಕೆಯನ್ನೇ ಎತ್ತಿ ತೋರಿಸುತ್ತೆ. ನಾನು ಬಿರುದು ಇಲ್ಲದೆ ನನ್ನ ಜನರ ಪಕ್ಕದಲ್ಲಿ ನಿಲ್ಲುತ್ತೇನೆ. ಇದು ಆ ಕಾಗದದ ತಾತ್ಪರ್ಯ. 'ಸರ್' ಪದವಿ ತೆಗೆದುಹಾಕಿ ಅಂತ ಕೇಳಿಕೊಂಡರು.

ಮರುವರ್ಷ, 1920ರ ಆಗಸ್ಟ್ 1ರಂದು, ಗಾಂಧೀಜಿಯೂ ವೈಸ್‌ರಾಯ್‌ಗೆ ಕಾಗದ ಬರೆದು ತಮ್ಮ ಚಿನ್ನದ ಪದಕ ವಾಪಸು ಮಾಡಿದರು. ಆ ದಿನವೇ ಅಸಹಕಾರ ಚಳವಳಿ ಶುರುವಾಯಿತು. ಸರೋಜಿನಿ ನಾಯ್ಡು ಅವರಿಗೂ ಅದೇ ಪದಕ ಬಂದಿತ್ತು. ಅವರೂ ಹಿಂದಿರುಗಿಸಿದರು.

ನೋಡಿ, ಗೌರವ ಪಡೆಯೋದಕ್ಕೆ ಯಾರೋ ಒಬ್ಬರು ಬರೆದರು. ಬೇಡ ಅನ್ನೋದಕ್ಕೂ ಒಂದು ಕಾಗದ ಬೇಕಾಯಿತು. ಆ ಕಾಗದವನ್ನು ಇವರು ತಾವೇ ಬರೆದರು.

ಅದೇ ಪದಕದ ಇನ್ನೊಂದು ಮಾತು. ಪಂಡಿತಾ ರಮಾಬಾಯಿ ಅವರಿಗೂ 1919ರಲ್ಲಿ ಕೈಸರ್-ಎ-ಹಿಂದ್ ಪದಕ ಕೊಟ್ಟರು. ಇವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ಇವರ ತಂದೆ ಅನಂತ ಶಾಸ್ತ್ರಿಗಳು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಓದಿಸಿದರು. ಹೆಂಗಸಿಗೆ ವಿದ್ಯೆಯೇ ಅಂತ ಜನ ಎದುರು ನಿಂತರು. ಅವರು ಕೇಳಲಿಲ್ಲ. ಆ ತಾಯಿ ಕಾಡಿನ ಮನೆಯಲ್ಲಿ ಮಗಳಿಗೆ ಕಲಿಸಿದರು. ಆ ಮಗಳು ಮುಂದೆ ಮುಂಬಯಿಯಲ್ಲಿ, ಪುಣೆಯ ಕಡೆ ಸಾವಿರಾರು ಹೆಂಗಸರಿಗೆ, ಗಂಡ ಸತ್ತ ಎಳೆಯ ಹುಡುಗಿಯರಿಗೆ ನೆರಳು ಕೊಟ್ಟು ಅಕ್ಷರ ಕಲಿಸಿದರು. ಅವರ ಪದಕ ಇವತ್ತು ಎಷ್ಟು ಜನರಿಗೆ ನೆನಪಿದೆ? ಕೆಲಸ ನೆನಪಿದೆ. ಯಾಕೆಂದರೆ ಅದನ್ನು ಬರೆದಿಟ್ಟರು. ಅವರೂ ಬರೆದರು, ಬೇರೆಯವರೂ ಬರೆದರು.

ಈಗ ನಮ್ಮಲ್ಲಿ

ಸ್ವಾತಂತ್ರ್ಯ ಬಂತು. 1950ರಲ್ಲಿ ನಮ್ಮ ಸಂವಿಧಾನ ಬಂತು. ಅದರ 18ನೇ ವಿಧಿ ಹೇಳುತ್ತೆ: ಸರ್ಕಾರ ಯಾರಿಗೂ ಬಿರುದು ಕೊಡುವಂತಿಲ್ಲ. ಸೈನ್ಯದ ಮತ್ತು ವಿದ್ಯೆಯ ಪದವಿಗಳಿಗೆ ಮಾತ್ರ ಅವಕಾಶ. 'ರಾವ್ ಬಹದ್ದೂರ್' ಕಾಲ ಮುಗಿಯಿತು.

1954ರಿಂದ ಪದ್ಮ ಪ್ರಶಸ್ತಿ ಬಂದಿದೆ. ಅದು ಬಿರುದಲ್ಲ, ಹೆಸರಿನ ಹಿಂದೆ ಮುಂದೆ ಹಾಕಿಕೊಳ್ಳುವಂತಿಲ್ಲ ಅಂತ 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮಲ್ಲಿ ರಾಜನ ಹುಟ್ಟುಹಬ್ಬ ಇಲ್ಲವಲ್ಲ. ನಮ್ಮ ಪಟ್ಟಿ ಹೊರಡೋದು ಸಂವಿಧಾನ ಜಾರಿಗೆ ಬಂದ ಜನವರಿ 26ರ ಗಣರಾಜ್ಯೋತ್ಸವದ ಹೊತ್ತಿಗೆ.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಕಾಸು ಕೇಳದೆ ಸಾವಿರಾರು ಹೆರಿಗೆ ಮಾಡಿಸಿದ ತಾಯಿ. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಸಾಲುಮರದ ತಿಮ್ಮಕ್ಕನವರಿಗೆ 2019ರಲ್ಲಿ ಬಂತು. ಹುಲಿಕಲ್ಲಿನಿಂದ ಕುದೂರಿನ ಕಡೆ ರಸ್ತೆ ಬದಿಗೆ ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದವರು. 2025ರಲ್ಲಿ ತೀರಿಕೊಂಡರು. ಇವರಿಬ್ಬರೂ ಶಾಲೆಯಲ್ಲಿ ಕಲಿತವರಲ್ಲ. ಅವರ ಹೆಸರನ್ನು ಬೇರೆಯವರು ಬರೆದು ಮೇಲಕ್ಕೆ ಮುಟ್ಟಿಸಿದರು. ಈ ಪ್ರಶಸ್ತಿಗೂ ಈಗ ಯಾರು ಬೇಕಾದರೂ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಹೆಸರು ಸೂಚಿಸಬಹುದು.

ನಮ್ಮ ತಪ್ಪು

ಕೊನೆಗೆ ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳಬೇಕು.

ಕೆಲವು ವರ್ಷದ ಹಿಂದೆ ನಾವು ಪಾಠ ಮಾಡುತ್ತಿದ್ದ ಶಾಲೆಯಲ್ಲಿ ವಾರ್ಷಿಕೋತ್ಸವ ಇತ್ತು. ಊರಿನ ಗಣ್ಯರಿಗೆ ಸನ್ಮಾನ ಮಾಡೋದು ಅಂತ ಆಯಿತು. ಫ್ಯಾನು ಕೊಟ್ಟವರು, ಗಡಿಯಾರ ಕೊಟ್ಟವರು, ಶಾಮಿಯಾನ ಹಾಕಿಸಿದವರು, ಹೀಗೆ ಹನ್ನೊಂದು ಜನ. ಎಲ್ಲರಿಗೂ ಶಾಲು, ಹಾರ, ಮೈಸೂರು ಪೇಟ. ಚಪ್ಪಾಳೆಯೋ ಚಪ್ಪಾಳೆ.

ಆ ಹೊತ್ತಿನಲ್ಲಿ ಬಿಸಿಯೂಟದ ಅಡುಗೆ ಅಕ್ಕ ವೇದಿಕೆ ಹಿಂದೆ ಕೂತು ಪಾತ್ರೆ ತಿಕ್ಕುತ್ತಿದ್ದರು. ಹದಿನಾಲ್ಕು ವರ್ಷ ಆ ಮಕ್ಕಳಿಗೆ ಅನ್ನ ಬೇಯಿಸಿದವರು. ತಾಯಿ ಇಲ್ಲದ ಮಗು ಯಾವುದು, ಬೆಳಗ್ಗೆ ಉಣ್ಣದೆ ಬಂದ ಮಗು ಯಾವುದು ಅಂತ ಅವರಿಗೆ ಗೊತ್ತಿರುತ್ತಿತ್ತು. ಆ ತಟ್ಟೆಗೆ ಒಂದು ಸೌಟು ಹೆಚ್ಚು ಬೀಳುತ್ತಿತ್ತು. ಅವರ ಹೆಸರು ಪಟ್ಟಿಯಲ್ಲಿ ಇರಲಿಲ್ಲ.

ಆ ಪಟ್ಟಿ ಬರೆದವರು ಯಾರು ಗೊತ್ತೇ? ನಾವೇ. ನಮ್ಮ ಕೈಯಲ್ಲೇ ಪೆನ್ನು ಇತ್ತು. ಬೇಕೂ ಅಂತ ಬಿಟ್ಟಿದ್ದಲ್ಲ. ನೆನಪೇ ಆಗಲಿಲ್ಲ. ಅದು ಇನ್ನೂ ದೊಡ್ಡ ತಪ್ಪು. ದಿನಾ ಅವರ ಕೈಯಿಂದಲೇ ನೀರು ಇಸಕೊಂಡು ಕುಡಿಯುತ್ತಿದ್ದೆವು.

ಮರುದಿನ ಅವರೇ ಬಂದು, "ಟೀಚರ್, ನೆನ್ನೆ ಫಂಕ್ಷನ್ ಚೆನ್ನಾಗಿ ಆಯ್ತು ಅಲ್ವಾ?" ಅಂದರು. ನಮಗೆ ತಲೆ ಎತ್ತೋಕಾಗಲಿಲ್ಲ.

ಆಮೇಲೆ ನಾವು ಅವರ ಬಗ್ಗೆ ಒಂದು ಪುಟ ಬರೆದೆವು. ಎಷ್ಟು ವರ್ಷ, ಎಷ್ಟು ಮಕ್ಕಳು, ಏನೇನು ಕೆಲಸ, ಎಲ್ಲ ಬರೆದೆವು. ಮುಂದಿನ ಆಗಸ್ಟ್ 15ರಂದು ಮಕ್ಕಳ ಮುಂದೆ ಅದನ್ನು ಓದಿದೆವು. ಶಾಲು ಇರಲಿಲ್ಲ, ಪೇಟ ಇರಲಿಲ್ಲ. ಓದಿ ಮುಗಿಯೋ ಹೊತ್ತಿಗೆ ಆ ಅಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. "ನನ್ನ ಹೆಸರು ಕಾಗದದಲ್ಲಿ ಹೆಂಗಿದೆ, ತೋರ್ಸಿ" ಅಂದರು. ತೋರಿಸಿದೆವು. ಬೆರಳಿಟ್ಟು ಮುಟ್ಟಿ ನೋಡಿದರು. ಅವರಿಗೆ ಓದಲು ಬರುತ್ತಿರಲಿಲ್ಲ.

ಅಕ್ಕಂದಿರೇ, ನಿಮಗೆ ಈಗ ಓದು ಬರುತ್ತೆ, ಬರಹ ಬರುತ್ತೆ. ಪೆನ್ನು ನಿಮ್ಮ ಕೈಯಲ್ಲಿದೆ. ಈ ವಾರ ಮನೆಗೆಲಸ ಇಷ್ಟೇ. ನಮ್ಮೂರಿನ ಒಬ್ಬ ಹೆಂಗಸಿನ ಬಗ್ಗೆ ಅರ್ಧ ಪುಟ ಬರೆಯಿರಿ. ಹೆಸರನ್ನು ಪೂರ್ತಿ ಬರೆಯಿರಿ. "ಆ ಮನೆ ಸೊಸೆ", "ಇವರ ಹೆಂಡತಿ" ಅಂತ ಬರೀಬೇಡಿ. ಅಕ್ಷರ ಸೊಟ್ಟ ಆದರೂ ಪರವಾಗಿಲ್ಲ. ಒತ್ತು ತಪ್ಪಿದರೆ ನಾವು ತಿದ್ದಿಕೊಡುತ್ತೇವೆ. ಮುಂದಿನ ವಾರ ಇಲ್ಲೇ ಕೂತು ಒಬ್ಬೊಬ್ಬರೇ ಓದೋಣ. ಯಾರ ಬಗ್ಗೆ ಬರೆದಿದ್ದೀರೋ ಅವರನ್ನೂ ಕರೆದುಕೊಂಡು ಬನ್ನಿ.

ಇನ್ನು ಹೊರಡಿ, ಸಾರು ಉಕ್ಕೀತು. ನಮಸ್ಕಾರ.

ಬರೆಯುವಾಗ ಈ ನಾಲ್ಕು ಪ್ರಶ್ನೆ ನೆನಪಿಡಿ:

1. ಇವರ ಹೆಸರೇನು? ಏನು ಕೆಲಸ ಮಾಡಿದ್ದಾರೆ?
2. ಎಷ್ಟು ವರ್ಷದಿಂದ ಮಾಡುತ್ತಿದ್ದಾರೆ?
3. ಅದರಿಂದ ಯಾರಿಗೆ ಏನು ಒಳ್ಳೇದಾಯಿತು?
4. ಈ ಮಾತು ನಿಜ ಅಂತ ಇನ್ನು ಯಾರು ಹೇಳುತ್ತಾರೆ?